ಸೀಟುಂಟು, ಕಾಸಿಲ್ಲ!

ಗಣಿತದ ಪಿಎಚ್.ಡಿ.ಗೂ ಗಿರಣಿ ಕಾರ್ಮಿಕನಿಗೂ ಏನು ಸಂಬಂಧವೆಂದು ಕೇಳುವವರುಂಟು. ಬಂಧುಗಳೇ, ನಿಮ್ಮ ತುಟ್ಟಿಭತ್ಯೆಯ ಸೂಚ್ಯಂಕವನ್ನು ಕಟ್ಟುವ ಶಾಸ್ತ್ರ ಯಾವುದು? ಸಂಖ್ಯಾಶಾಸ್ತ್ರ. ಆ ಶಾಸ್ತ್ರದ ತುತ್ತತುದಿಗೆ ನಿಮ್ಮ ಮಕ್ಕಳು ಏರಬಾರದೇ?

ಶರತ್ತುಗಳನ್ನು ನೋಡಿ. 2022ರ ನಿಯಮದಂತೆ ಎಂ.ಎಸ್ಸಿ.ಯಲ್ಲಿ ಶೇಕಡಾ 55 ಅಂಕ ಬೇಕು. ಇಲ್ಲವೇ ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75. ಪರಿಶಿಷ್ಟರಿಗೂ ಹಿಂದುಳಿದವರಿಗೂ ಶೇಕಡಾ 5 ರಿಯಾಯಿತಿ. ಮೇಲೆ ಪರೀಕ್ಷೆ, ಸಂದರ್ಶನ. ಆಗಲಿ, ಯೋಗ್ಯತೆ ನೋಡುವುದು ತಪ್ಪಲ್ಲ.

ಆದರೆ 2024ರಲ್ಲಿ ಮಾಡಿದ್ದೇನು? ನೆಟ್ ಪರೀಕ್ಷೆ ಗೆದ್ದವರನ್ನು ಮೂರು ಪಂಗಡ ಮಾಡಿದರು. ಮೊದಲ ಪಂಗಡಕ್ಕೆ ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ. ಕೊನೆಯ ಪಂಗಡದ ಹೆಸರೇ ‘ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ’! ಆ ಅರ್ಹತೆಯ ಬೆನ್ನಿಗೆ ಒಂದು ಬಿಡಿಗಾಸೂ ಬರುವುದಿಲ್ಲ. ಓದಬೇಕಾದದ್ದು ಕನಿಷ್ಠ ಮೂರು ವರ್ಷ. ಊಟಕ್ಕೇನು? ಬಾಡಿಗೆಗೇನು? ಉಳ್ಳವನ ಮಗ ಓದುತ್ತಾನೆ. ಮಗ್ಗದವನ ಮಗಳು, ಕಿರಾಣಿ ಅಂಗಡಿಯವನ ಮಗ ಮನೆಗೆ ಮರಳುತ್ತಾರೆ. ಇದು ಯೋಗ್ಯತೆಯ ಜರಡಿಯಲ್ಲ, ಜೇಬಿನ ಜರಡಿ. ಇದನ್ನು ಹಿಡಿದಿರುವ ಸಂಸ್ಥೆಯ ಹೆಸರೋ, ವಿಶ್ವವಿದ್ಯಾಲಯ ‘ಧನಸಹಾಯ’ ಆಯೋಗ!

ಕೇಂದ್ರ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದವರಿಗೆ ಕೊಡುತ್ತಿದ್ದ 8,000 ರೂಪಾಯಿಯನ್ನೂ 2015ರಲ್ಲಿ ಕಸಿಯಹೊರಟರು. ವಿದ್ಯಾರ್ಥಿಗಳು ದೆಹಲಿಯ ಆಯೋಗದ ಕಚೇರಿಯೆದುರು ಬೀಡುಬಿಟ್ಟರು. ಸರಕಾರ ಹಿಂಜರಿಯಿತು, ವೇತನ ಉಳಿಯಿತು. ಬೇಡಿದ್ದಕ್ಕಲ್ಲ, ಕೂಡಿ ನಿಂತದ್ದಕ್ಕೆ!

ನಮ್ಮ ಬೇಡಿಕೆ ಒಂದೇ: ಪ್ರವೇಶ ಕೊಟ್ಟವರೆಲ್ಲರಿಗೂ ಜೆ.ಆರ್.ಎಫ್.ನಷ್ಟೇ ವೇತನ ಕೊಡಿ, ತಿಂಗಳು ತಿಂಗಳಿಗೆ ಕೊಡಿ. ಸಂಘದ ಮುಂದಿನ ಸಭೆಯಲ್ಲಿ ಈ ಠರಾವು ಬರಲಿ.