ನಾಲ್ಕು ವರ್ಷ ಕಳೆಯುವ ಮೊದಲು ವಿಚಾರಣೆ ಶುರುವಾಗಲಿ

ಮಾನ್ಯ ಮುಖ್ಯ ಕಾರ್ಯದರ್ಶಿಯವರೇ,

ಕರ್ತವ್ಯದಲ್ಲಿ ಗಂಭೀರ ದುರ್ನಡತೆ ಅಥವಾ ನಿರ್ಲಕ್ಷ್ಯ ತೋರಿ ಸರ್ಕಾರಕ್ಕೆ ನಷ್ಟ ಮಾಡಿದ ನೌಕರನ ಪಿಂಚಣಿಯಿಂದಲೂ ಆ ಹಣ ವಸೂಲು ಮಾಡಬಹುದೆಂದು ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮ ಹೇಳುತ್ತದೆ. ಆದರೆ ಆತ ಸೇವೆಯಲ್ಲಿದ್ದಾಗ ಇಲಾಖಾ ವಿಚಾರಣೆ ಆರಂಭವಾಗಿರದಿದ್ದರೆ, ನಿವೃತ್ತಿಯ ನಂತರ ನಾಲ್ಕು ವರ್ಷಕ್ಕಿಂತ ಹಳೆಯ ವಿಷಯದ ಮೇಲೆ ವಿಚಾರಣೆ ಹೂಡುವಂತಿಲ್ಲ. ಈ ಪತ್ರ ಆ ನಾಲ್ಕು ವರ್ಷಗಳ ಬಗ್ಗೆ.

ನಮ್ಮ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ. ಐದು ರೂಪಾಯಿ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬಬೇಕು. ಈಗ ನಾಣ್ಯ ಹಾಕುವ ಸಂದಿಗೆ ಮಣ್ಣು ಮೆತ್ತಿದೆ, ಷಟರ್ ಅರ್ಧಕ್ಕೆ ಸಿಕ್ಕಿಕೊಂಡಿದೆ, ಸ್ಟೀಲ್ ಟ್ಯಾಂಕಿನ ನಲ್ಲಿಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಹೆಂಗಸರು ಅದರ ಮುಂದೆಯೇ ಕೊಡ ಹಿಡಿದು ಬೋರ್‌ವೆಲ್ಲಿಗೆ ನಡೆಯುತ್ತಾರೆ. ಕಡತದಲ್ಲಿ ಮಾತ್ರ ಘಟಕ ದುರಸ್ತಿಯಾಗಿದೆ. ಅಳತೆ ಪುಸ್ತಕದಲ್ಲಿ ಸಹಿ ಇದೆ, ಬಿಲ್ಲು ಪಾವತಿಯಾಗಿದೆ. ಲೆಕ್ಕ ಪರಿಶೋಧಕರು ಬಂದು ಆಕ್ಷೇಪಣೆ ಬರೆದರು. ದಾಖಲೆಗಳನ್ನು ಮುಂದಿನ ತಪಾಸಣೆಯಲ್ಲಿ ಹಾಜರುಪಡಿಸುತ್ತೇವೆ ಎಂಬ ಉತ್ತರ ಹೋಯಿತು. ಮುಂದಿನ ವರ್ಷವೂ ಅದೇ ಆಕ್ಷೇಪಣೆ, ಅದೇ ಉತ್ತರ. ಅಷ್ಟರಲ್ಲಿ ಸಹಿ ಹಾಕಿದ ಎಂಜಿನಿಯರರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರನ್ನು ಕೇಳಿದರೆ, ‘ಅದು ನನ್ನ ಅವಧಿಯದ್ದಲ್ಲ ಸ್ವಾಮಿ’ ಅಂದರು. ಅವರು ಹೇಳಿದ್ದು ಸುಳ್ಳೇನಲ್ಲ. ಹಾಗಾದರೆ ಯಾರ ಅವಧಿಯದ್ದು ಎಂದು ಕೇಳಬೇಕಾದ ಮೇಲಧಿಕಾರಿ ಕೇಳಲಿಲ್ಲ, ಅದೇ ನನ್ನ ದೂರು.

ರಾಜ್ಯಮಟ್ಟದಲ್ಲೂ ದಾರಿ ಇದೇ. ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ (ಸಿಎಜಿ) ವರದಿ ಸಂವಿಧಾನದ 151ನೇ ವಿಧಿಯಂತೆ ರಾಜ್ಯಪಾಲರಿಗೆ ಹೋಗಿ, ಸದನದಲ್ಲಿ ಮಂಡನೆಯಾಗಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಬರುತ್ತದೆ. ವಿರೋಧ ಪಕ್ಷದವರೇ ಆ ಸಮಿತಿಯ ಅಧ್ಯಕ್ಷರಾಗುವ ಒಳ್ಳೆಯ ಸಂಪ್ರದಾಯವೂ ನಮ್ಮಲ್ಲಿದೆ. ಆದರೆ ವರದಿ ಮಂಡನೆಯಾಗುವ ಹೊತ್ತಿಗೇ ಖರ್ಚು ಹಳೆಯದಾಗಿರುತ್ತದೆ. ಸಮಿತಿ ಅದನ್ನು ಕೈಗೆತ್ತಿಕೊಂಡು, ಇಲಾಖೆ ವಿವರಣೆ ಕೊಟ್ಟು ಮುಗಿಸುವಷ್ಟರಲ್ಲಿ ಗಡುವು ದಾಟಿರುತ್ತದೆ. ಹಣ ಖರ್ಚು ಮಾಡಿದವರು ಪೂರ್ತಿ ಪಿಂಚಣಿ ಪಡೆಯುತ್ತ ಮನೆಯಲ್ಲಿರುತ್ತಾರೆ.

ಟೆಂಡರ್ ಕರೆಯದೆ ಕೊಟ್ಟ ಕಾಮಗಾರಿಗಳಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಕರ್ನಾಟಕ ಕಾಯ್ದೆಯಲ್ಲಿ ಟೆಂಡರಿನಿಂದ ಬಿಡುವ 4(ಜಿ) ವಿನಾಯಿತಿ ಅಪರೂಪದ ಸಂದರ್ಭಕ್ಕೆಂದು ಇರುವುದು. ಅದರ ಹೆಸರಿನಲ್ಲಿ ಕೆಲಸ ಕೈಬದಲಾಗುತ್ತ ಹೋಗಿ ತುಂಡು ಗುತ್ತಿಗೆಯವರ ಕೈ ಸೇರುತ್ತದೆ. ಮಾರ್ಚ್ ಬಂತೆಂದರೆ ಅನುದಾನ ವಾಪಸ್ಸಾಗುವ ಭಯಕ್ಕೆ, ಕೆಲಸ ಅರ್ಧವಾಗಿರುವಾಗಲೇ ಬಿಲ್ಲುಗಳು ಖಜಾನೆಗೆ ಓಡುತ್ತವೆ. ಸ್ವಂತ ಹಣ ಖರ್ಚು ಮಾಡುವಾಗ ಸಾಮಾನ್ಯ ವಿವೇಕವುಳ್ಳವರು ವಹಿಸುವಷ್ಟು ಎಚ್ಚರವನ್ನು ಸರ್ಕಾರದ ಹಣದಲ್ಲೂ ವಹಿಸಬೇಕೆಂದು 1958ರ ಕರ್ನಾಟಕ ಆರ್ಥಿಕ ಸಂಹಿತೆ ಪ್ರತಿಯೊಬ್ಬ ಅಧಿಕಾರಿಗೂ ವಿಧಿಸಿದೆ. ತಮ್ಮ ಮನೆಗೆ ಗಾರೆ ಹಾಕದ ಮೇಸ್ತ್ರಿಗೆ ಪೂರ್ತಿ ಕೂಲಿ ಕೊಟ್ಟು ಕಳಿಸುವವರು ಯಾರಿದ್ದಾರೆ?

ಮೇಲಿನವರ ಬಾಯಿಮಾತಿಗೆ ಕಟ್ಟುಬಿದ್ದು ಸಹಿ ಹಾಕಿ, ಆಮೇಲೆ ಒಂಟಿಯಾಗಿ ನೋಟಿಸು ಪಡೆದ ಪ್ರಾಮಾಣಿಕ ನೌಕರರೂ ಇದ್ದಾರೆಂದು ಬಲ್ಲೆ. ಅವರ ರಕ್ಷಣೆಗೂ ದಾಖಲೆಯೇ ಬೇಕು. ಪಾವತಿಗೆ ಒತ್ತಾಯಿಸಿದವರ ಆದೇಶ ಬರಹದಲ್ಲಿರಲಿ, ನಷ್ಟದ ಹೊಣೆ ಕೆಳಗಿನ ಕಿರಿಯ ಎಂಜಿನಿಯರರ ತಲೆಗೆ ಮಾತ್ರ ಬೀಳದಿರಲಿ.

ತಮ್ಮಿಂದ ಆಗಬೇಕಾದದ್ದಕ್ಕೆ ಹೊಸ ಕಾನೂನು ಬೇಡ, ಒಂದು ಸುತ್ತೋಲೆ ಸಾಕು. ಹಣ ನಷ್ಟದ ಆಕ್ಷೇಪಣೆ ಬಂದ ವರ್ಷದೊಳಗೇ, ಬಿಲ್ಲಿಗೆ ಸಹಿ ಹಾಕಿದವರು ಮತ್ತು ಮಂಜೂರು ಮಾಡಿದವರು ಯಾರೆಂದು ಇಲಾಖೆ ಗುರುತಿಸಿ, ಮೇಲ್ನೋಟಕ್ಕೆ ತಪ್ಪು ಕಂಡರೆ ವಿಚಾರಣೆ ಆರಂಭಿಸಬೇಕು. ಆರಂಭಿಸದ ಮೇಲಧಿಕಾರಿ ಕಾರಣವನ್ನು ಬರೆದು ಕೊಡಬೇಕು. ಎರಡು ವರ್ಷದೊಳಗೆ ನಿವೃತ್ತರಾಗುವವರ ಮೇಲಿನ ಬಾಕಿ ಆಕ್ಷೇಪಣೆಗಳನ್ನು ಮೊದಲು ಇತ್ಯರ್ಥ ಮಾಡಬೇಕು. ಪಂಚಾಯಿತಿಗೆ ಸಂಬಂಧಿಸಿದ ಆಕ್ಷೇಪಣೆ, ಅದಕ್ಕೆ ಕೊಟ್ಟ ಉತ್ತರ, ವಸೂಲಾದ ಮೊತ್ತ ಮೂರನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಆ ಬೋರ್‌ವೆಲ್ಲಿಗೆ ನಡೆಯುವ ಹೆಂಗಸರು ಅಲ್ಲಿ ಎದ್ದುನಿಂತು ಪ್ರಶ್ನೆ ಕೇಳುವಂತಾಗಬೇಕು.

ಈ ಆರ್ಥಿಕ ವರ್ಷ ಮುಗಿಯುವ ಮೊದಲು ಇಂಥ ಸುತ್ತೋಲೆ ಹೊರಡಿಸುತ್ತೀರಾ, ಇಲ್ಲವಾದರೆ ಏಕಿಲ್ಲ ಎಂಬುದನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ತೆರಿಗೆ ಕಟ್ಟುವ ಒಬ್ಬ ನಾಗರಿಕ