ಸೀಸದ ಏಪ್ರನ್: ನಿರ್ಲಕ್ಷ್ಯ ಸಲ್ಲದು

ಆಸ್ಪತ್ರೆಗಳ ಕ್ಷ-ಕಿರಣ ವಿಭಾಗ, ಹೃದ್ರೋಗ ಚಿಕಿತ್ಸೆಯ ಕ್ಯಾಥ್ ಲ್ಯಾಬ್ ಮತ್ತು ಮೂಳೆ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ದುಡಿಯುವ ವೈದ್ಯರು, ದಾದಿಯರು ಹಾಗೂ ತಂತ್ರಜ್ಞರಿಗೆ ಸೀಸದ ಏಪ್ರನ್ ಬಹುಮುಖ್ಯ ರಕ್ಷಣೆ. ರೋಗಿಯ ದೇಹಕ್ಕೆ ತಾಗಿ ಚದುರುವ ವಿಕಿರಣವನ್ನು ಅದು ತಡೆಯುತ್ತದೆ. ಆದರೆ ಕೆಲವು ಕಿಲೋ ತೂಗುವ ಈ ಉಡುಪನ್ನು ಕೆಲಸ ಮುಗಿದೊಡನೆ ಕಳಚಿ, ಮಡಚಿ ಮೇಜಿನ ಮೇಲಿಡುವುದು, ಕುರ್ಚಿಯ ಬೆನ್ನಿಗೆ ಎಸೆಯುವುದು ಇಲ್ಲವೇ ಒಂದರ ಮೇಲೊಂದು ಪೇರಿಸುವುದು ಸಾಮಾನ್ಯ ದೃಶ್ಯ. ಬೆನ್ನು ನೋಯುವವರಿಗೆ ಇದು ಸಹಜವೆನಿಸಬಹುದು. ಅದರ ಪರಿಣಾಮ ಮಾತ್ರ ಕ್ಷುಲ್ಲಕವಲ್ಲ.

ಏಪ್ರನ್‌ನ ಒಳಗಿರುವುದು ಸೀಸದ ಪುಡಿಯನ್ನು ಬೆರೆಸಿದ ರಬ್ಬರ್ ಅಥವಾ ವಿನೈಲ್ ಹಾಳೆ. ಸೀಸದ ಬದಲು ಇತರ ಲೋಹಗಳನ್ನು ಬಳಸುವ ಹಗುರ ಏಪ್ರನ್‌ಗಳೂ ಈಗ ಬಂದಿವೆ. 0.5 ಮಿ.ಮೀ. ಸೀಸಕ್ಕೆ ಸಮನಾದ ಹಾಳೆಯು ರೋಗನಿದಾನದಲ್ಲಿ ಬಳಸುವ ಕ್ಷ-ಕಿರಣದ ಶೇ 90ಕ್ಕೂ ಹೆಚ್ಚಿನ ಭಾಗವನ್ನು ತಡೆಯಬಲ್ಲದು. ಅದೇ ಹಾಳೆಯನ್ನು ಪದೇ ಪದೇ ಒಂದೇ ಜಾಗದಲ್ಲಿ ಮಡಚಿದರೆ ಮಡಿಕೆಯಲ್ಲಿ ಬಿರುಕು ಮೂಡುತ್ತದೆ. ಹೊರಬಟ್ಟೆ ಹೊಸದರಂತೆಯೇ ಕಾಣುತ್ತಿರುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಏಪ್ರನ್ ಇಲ್ಲದವನು ಯಂತ್ರದಿಂದ ದೂರ ನಿಲ್ಲುತ್ತಾನೆ. ಬಿರುಕುಬಿಟ್ಟ ಏಪ್ರನ್ ತೊಟ್ಟವನು ತಾನು ಸುರಕ್ಷಿತನೆಂದು ನಂಬಿ ಹತ್ತಿರವೇ ನಿಲ್ಲುತ್ತಾನೆ.

ಸಿಬ್ಬಂದಿ ಧರಿಸುವ ಟಿಎಲ್‌ಡಿ ಬ್ಯಾಡ್ಜ್ ಈ ದೋಷವನ್ನು ಹಿಡಿದುಕೊಡುತ್ತದೆ ಎಂದು ಭಾವಿಸುವುದೂ ತಪ್ಪು. ಏಪ್ರನ್‌ನ ಒಳಗೆ, ಎದೆಯ ಮಟ್ಟದಲ್ಲಿರುವ ಬ್ಯಾಡ್ಜ್ ಆ ಜಾಗಕ್ಕೆ ತಲುಪಿದ ವಿಕಿರಣವನ್ನಷ್ಟೇ ಅಳೆಯುತ್ತದೆ. ಸೊಂಟದ ಬಳಿ ಸೀಳಿದ್ದರೆ ಅದಕ್ಕೆ ತಿಳಿಯದು.

ವಿಕಿರಣದ ಅಪಾಯವನ್ನು ವೈದ್ಯಲೋಕ ಅರಿತದ್ದು ಭಾರಿ ಬೆಲೆ ತೆತ್ತು. ರಾಂಟ್‌ಜೆನ್ 1895ರಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ ಒಂಬತ್ತೇ ವರ್ಷಗಳಲ್ಲಿ, ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡಾಲಿ ಅದರ ಪ್ರಯೋಗಗಳಿಂದಲೇ ಜರ್ಜರಿತರಾಗಿ ತೀರಿಕೊಂಡರು. ಹೀಗೆ ಪ್ರಾಣ ತೆತ್ತ 169 ಜನರ ಹೆಸರನ್ನು ಕೆತ್ತಿದ ಸ್ಮಾರಕ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1936ರಲ್ಲಿ ತಲೆಯೆತ್ತಿತು. ಅವರಿಗೆ ಅಪಾಯದ ಅರಿವಿರಲಿಲ್ಲ. ಇಂದು ನಮಗೆ ಆ ನೆಪವಿಲ್ಲ.

ರೋಗಿಗಳ ಜನನಾಂಗಕ್ಕೆ ಸೀಸದ ಹೊದಿಕೆಯನ್ನು ವಾಡಿಕೆಯಾಗಿ ಹಾಕುವ ಪದ್ಧತಿಯನ್ನು ಕೈಬಿಡಬೇಕೆಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲಿ ಸಲಹೆ ನೀಡಿತು. ಆಧುನಿಕ ಯಂತ್ರಗಳು ಕಡಿಮೆ ವಿಕಿರಣ ಬಳಸುತ್ತವೆ, ಹೊದಿಕೆಯು ಚಿತ್ರಕ್ಕೇ ಅಡ್ಡಿಯಾಗಬಹುದು ಎಂಬುದು ಅದರ ವಾದ. ಇದನ್ನೇ ಮುಂದಿಟ್ಟು ಸಿಬ್ಬಂದಿಯ ಏಪ್ರನ್ ಕೂಡ ಅನಗತ್ಯ ಎಂದು ಅರ್ಥೈಸಬಾರದು. ರೋಗಿ ಯಂತ್ರದ ಮುಂದೆ ಬರುವುದು ಅಪರೂಪಕ್ಕೆ. ಸಿಬ್ಬಂದಿ ಅಲ್ಲಿರುವುದು ನಿತ್ಯವೂ.

ಪರಿಹಾರ ದುಬಾರಿಯೇನಲ್ಲ. ಏಪ್ರನ್‌ಗಳನ್ನು ಮಡಚದೆ, ಭಾರ ತಾಳಬಲ್ಲ ಅಗಲವಾದ ಹ್ಯಾಂಗರ್‌ಗಳಿಗೆ ತೂಗುಹಾಕಬೇಕು. ಬಿಸಿಲು ಮತ್ತು ಶಾಖದಿಂದ ದೂರವಿಡಬೇಕು. ಮೃದು ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕೇ ಹೊರತು ಬ್ಲೀಚ್ ಬಳಸಬಾರದು, ಬಟ್ಟೆ ಒಗೆಯುವ ಯಂತ್ರಕ್ಕೂ ಹಾಕಬಾರದು. ಪ್ರತಿ ಏಪ್ರನ್‌ಗೂ ಒಂದು ಸಂಖ್ಯೆ ನೀಡಿ, ವರ್ಷಕ್ಕೊಮ್ಮೆಯಾದರೂ ಫ್ಲೋರೋಸ್ಕೋಪಿ ಅಥವಾ ಕ್ಷ-ಕಿರಣದ ಮೂಲಕವೇ ಪರೀಕ್ಷಿಸಿ, ಫಲಿತಾಂಶವನ್ನು ದಾಖಲಿಸಬೇಕು. ಕೆಟ್ಟುಹೋದ ಏಪ್ರನ್ ಕಸದ ತೊಟ್ಟಿಗೆ ಹೋಗಬಾರದು. ಸೀಸ ವಿಷಕಾರಿ ಲೋಹ. ಅದರ ವಿಲೇವಾರಿ ಅಪಾಯಕಾರಿ ತ್ಯಾಜ್ಯದ ನಿಯಮದಂತೆಯೇ ಆಗಬೇಕು.

1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯು ವಿಕಿರಣ ವಲಯದ ಸಿಬ್ಬಂದಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿಯನ್ನು ವಿಧಿಸಿದೆ. ಕಾಗದದ ಮೇಲಿನ ಮಿತಿ ಕಾರ್ಯರೂಪಕ್ಕೆ ಬರುವುದು ಆಸ್ಪತ್ರೆಯ ಗೋಡೆಯ ಮೇಲಿನ ಹ್ಯಾಂಗರ್‌ನಿಂದ ಮತ್ತು ಪರೀಕ್ಷೆಯ ದಾಖಲೆ ಪುಸ್ತಕದಿಂದ. ಲಕ್ಷಾಂತರ ರೂಪಾಯಿ ತೆತ್ತು ಯಂತ್ರ ಕೊಳ್ಳುವ ಆಡಳಿತ ಮಂಡಳಿಗಳಿಗೆ ಇವೆರಡನ್ನು ಒದಗಿಸುವುದು ಹೊರೆಯೇನಲ್ಲ.

ಏಪ್ರನ್ ಸರಿಯಿಲ್ಲ ಎಂದು ಹೇಳಲು ಹಿರಿಯ ವೈದ್ಯರಿಗೆ ಅಂಜಿಕೆಯಿಲ್ಲ. ಗುತ್ತಿಗೆಯ ಮೇಲೆ ದುಡಿಯುವ ಕಿರಿಯ ತಂತ್ರಜ್ಞನಿಗೆ, ಅಳುವ ಮಗುವನ್ನು ಹಿಡಿದು ನಿಲ್ಲುವ ಆಯಾಗೆ ಆ ಧೈರ್ಯ ಎಲ್ಲಿಂದ ಬರಬೇಕು? ಕೈಗೆ ಸಿಕ್ಕ ಏಪ್ರನ್ ತೊಟ್ಟು ಅವರು ಕೆಲಸಕ್ಕೆ ನಿಲ್ಲುತ್ತಾರೆ. ಆದ್ದರಿಂದಲೇ ಇದನ್ನು ಸಿಬ್ಬಂದಿಯ ಎಚ್ಚರಿಕೆಗೆ ಬಿಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ಏಪ್ರನ್‌ಗಳ ಪಾಲನೆ ಮತ್ತು ವಾರ್ಷಿಕ ಪರೀಕ್ಷೆ ಆಸ್ಪತ್ರೆಯ ಮುಖ್ಯಸ್ಥರ ಲಿಖಿತ ಹೊಣೆಯಾಗಬೇಕು. ತಪಾಸಣೆಗೆ ಬರುವ ಅಧಿಕಾರಿಗಳು ಯಂತ್ರದ ಪರವಾನಗಿಯ ಜತೆಗೆ ಆ ದಾಖಲೆಯನ್ನೂ ಕೇಳಿ ನೋಡಬೇಕು.