ಹಳೆಯ ಪ್ರಮೇಯಕ್ಕೆ ಹೊಸ ರುಜುವಾತು ಏಕೆ ಬೇಕು?

ನವಿ ಮುಂಬೈಯ ನೆರೂಳ ಸ್ಟೇಷನ್ನಿನ ಹೊರಗೆ ಕಾಲಿಟ್ಟರೆ ಕಣ್ಣಿಗೆ ಬೀಳುವುದು ಸಿಇಟಿ, ಜೆಇಇ ಕ್ಲಾಸುಗಳ ಬೋರ್ಡುಗಳು. ನಾನೂ ಇಲ್ಲಿ ಹನ್ನೆರಡನೆಯ ತರಗತಿಯವರಿಗೆ ಗಣಿತ ಹೇಳಿಕೊಡುವವಳು. ಪ್ರಮೇಯ ಬಿಡಿಸತೊಡಗಿದರೆ ಸಾಕು, "ಪ್ರೂಫ್ ಬೇಡ ಟೀಚರ್, ಫಾರ್ಮುಲಾ ಕೊಡಿ" ಎನ್ನುತ್ತಾರೆ. ಮಕ್ಕಳನ್ನು ದೂರಲಾರೆ, ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆಗೆ ಅಷ್ಟೇ ಸಾಕು. ಆದರೆ ರುಜುವಾತನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲದ್ದೇ ನಿದರ್ಶನವಿದೆ.

ನೆಲದ ಮೇಲೆ ಎರಡು ದಾರಗಳು ಅಡ್ಡಹಾಯ್ದಿವೆ ಎನ್ನಿ. ತುದಿಗಳನ್ನು ಕದಲಿಸದೆ ಅವನ್ನು ಬಿಡಿಸಬೇಕಾದರೆ ಒಂದನ್ನು ಗಾಳಿಗೆ ಎತ್ತಲೇಬೇಕು. ನಾಲ್ಕು ಆಯಾಮದಲ್ಲಿ ಎರಡು ಮೇಲ್ಮೈಗಳ ಪಾಡೂ ಇದೇ. ಅವು ಬಿಂದುಗಳಲ್ಲಿ ಸಂಧಿಸುತ್ತವೆ, ಸ್ವಲ್ಪ ಅಲುಗಿಸಿದರೆ ಬಿಟ್ಟುಕೊಳ್ಳುವುದಿಲ್ಲ. ಐದನೆಯ ಆಯಾಮವಿದ್ದರೆ ಕೆಲಸ ಸಲೀಸು. ಹೀಗಾಗಿ, ಗೋಳದಂಥ ಲಕ್ಷಣಗಳಿರುವ ಆಕೃತಿ ಗೋಳವೇ ಆಗಿರಬೇಕೇ ಎಂಬ ಗಣಿತಜ್ಞ ಪ್ವಾಂಕರೆಯ ಪ್ರಶ್ನೆ ಐದು ಮತ್ತು ಮೇಲಿನ ಆಯಾಮಗಳಲ್ಲಿ 1960ರ ದಶಕದಲ್ಲೇ ಬಗೆಹರಿದರೂ ನಾಲ್ಕರಲ್ಲಿ ಉಳಿದುಕೊಂಡಿತು. 1982ರಲ್ಲಿ ಅಮೆರಿಕದ ಮೈಕಲ್ ಫ್ರೀಡ್‌ಮನ್ ಅದನ್ನು ಬಗೆಹರಿಸಿದರು. ಅಂಥ ಮೇಲ್ಮೈಗಳನ್ನು ಬಿಡಿಸಲು, ತನ್ನನ್ನೇ ಹಾಯುವ ಬಿಲ್ಲೆಗೆ ತೇಪೆ, ಆ ತೇಪೆಗೂ ತೇಪೆ, ಹೀಗೆ ಕೊನೆಯಿಲ್ಲದ ಗೋಪುರ ಕಟ್ಟಿ, ಅದರೊಳಗೆ ತನ್ನನ್ನೆಲ್ಲೂ ಮುಟ್ಟದ ಬಿಲ್ಲೆಯೊಂದಿದೆ ಎಂದು ತೋರಿಸಿದರು. 1986ರಲ್ಲಿ ಅವರಿಗೆ ಫೀಲ್ಡ್ಸ್ ಪದಕ ಬಂತು.

ಆ ರುಜುವಾತನ್ನು ಪೂರ್ತಿ ಅರಗಿಸಿಕೊಂಡವರು ಮಾತ್ರ ಬೆರಳೆಣಿಕೆಯಷ್ಟು. ಅದನ್ನು ನೆಚ್ಚಿಕೊಂಡ ಪ್ರಬಂಧಗಳು ಬರುತ್ತಲೇ ಇದ್ದವು, ಕಲಿಸಬಲ್ಲವರು ಹೆಚ್ಚಲಿಲ್ಲ. 2013ರಲ್ಲಿ ಫ್ರೀಡ್‌ಮನ್ ಕೊಟ್ಟ ಉಪನ್ಯಾಸಗಳನ್ನು ಜರ್ಮನಿಯ ಬಾನ್‌ನಲ್ಲಿ ಕುಳಿತ ಗಣಿತಜ್ಞರು ವಿಡಿಯೊದಲ್ಲಿ ಕೇಳಿ ಬರೆದುಕೊಂಡರು. ಆ ಟಿಪ್ಪಣಿಗಳೇ ಬೆಳೆದು, ಅರುಣಿಮಾ ರೇ ಸೇರಿದಂತೆ ಐವರ ಸಂಪಾದಕತ್ವದಲ್ಲಿ, 2021ರಲ್ಲಿ ಪುಸ್ತಕವಾಯಿತು. ಹೊಸಬರೂ ಓದಿ ಕಲಿಯುವಂತೆ ಆ ರುಜುವಾತನ್ನು ಬಿಡಿಸಿ ಬರೆದ ಇವರ ದುಡಿಮೆ ಯಾವ ಸಂಶೋಧನೆಗೂ ಕಡಿಮೆಯದಲ್ಲ.

ನಮ್ಮ ಮುಂಬೈಯ ಉದಾಹರಣೆಯೂ ಇದನ್ನೇ ಹೇಳುತ್ತದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ 1965ರಲ್ಲಿ ಮೇಲ್ಮೈಗಳ ಬಗ್ಗೆ ಒಂದು ಪ್ರಮೇಯ ಪ್ರಕಟಿಸಿದರು. 1983ರಲ್ಲಿ ಇಂಗ್ಲೆಂಡಿನ ಸೈಮನ್ ಡೊನಾಲ್ಡ್‌ಸನ್ ಅದಕ್ಕೆ ಹೊಸ ರುಜುವಾತು ಕೊಟ್ಟರು. ಬಳಿಕ ಅದೇ ಜಾಡಿನಲ್ಲಿ ನಾಲ್ಕು ಆಯಾಮಕ್ಕೆ ನಡೆದರು. ಫ್ರೀಡ್‌ಮನ್ ಜೊತೆಗೇ ಅವರಿಗೂ ಪದಕ ಸಂದಿತು. ಬೆಂಗಳೂರಿನಲ್ಲಿ ಭಾಸ್ಕರ್ ಬಾಗ್ಚಿ ಮತ್ತು ಬಸುದೇವ್ ದತ್ತಾ, ಸಂಕೀರ್ಣ ಪ್ರಕ್ಷೇಪ ಸಮತಲವೆಂಬ ನಾಲ್ಕು ಆಯಾಮದ ಆಕೃತಿಯನ್ನು 9 ಶೃಂಗಗಳಿಂದ ಕಟ್ಟುವ ಬಗೆ ಒಂದೇ ಎಂಬ ಗೊತ್ತಿದ್ದ ಫಲಿತಾಂಶಕ್ಕೆ 2001ರಲ್ಲಿ ಚಿಕ್ಕ ರುಜುವಾತು ಬರೆದರು.

ಗೊತ್ತಿರುವುದನ್ನು ಮತ್ತೆ ಬಿಡಿಸಿ ಹೇಳುವುದನ್ನು ಎರಡನೆಯ ದರ್ಜೆಯ ಕೆಲಸವೆಂದು ಕಾಣುವುದು ನಿಲ್ಲಬೇಕು. ವಿಶ್ವವಿದ್ಯಾಲಯಗಳು ಬಡ್ತಿ ಕೊಡುವಾಗ ಇಂಥ ಬರವಣಿಗೆಯನ್ನೂ ಲೆಕ್ಕಕ್ಕೆ ಹಿಡಿಯಲಿ. ಪ್ರವೇಶ ಪರೀಕ್ಷೆಗಳಲ್ಲಿ ಒಂದಾದರೂ ರುಜುವಾತಿನ ಪ್ರಶ್ನೆ ಇರಲಿ. ತಂದೆತಾಯಂದಿರಿಗೆ ನನ್ನ ಬೇಡಿಕೆ ಇಷ್ಟೇ: ಕ್ಲಾಸಿಗೆ ಸೇರಿಸುವ ಮುನ್ನ, ಇಲ್ಲಿ ರುಜುವಾತು ಕಲಿಸುತ್ತೀರಾ ಎಂದು ಕೇಳಿ.